ಎದುರುಗಾಳಿಯ ಪಂದ್ಯ

ಅರಬ್ಬೀ ಸಮುದ್ರದಿಂದ ಸುಮಾರು 300 ಕಿಲೋಮೀಟರು ಒಳನಾಡಿನಲ್ಲಿ, ಬೆಟ್ಟವೆಂದರೆ ಬರಿಯ ಬಂಡೆ, ಬೇಸಗೆಯೆಂದರೆ ನಲ್ಲಿನೀರಿನ ಸರದಿ ಎಂದೇ ತಿಳಿದು ಬೆಳೆದ ಬಳ್ಳಾರಿಯ ಬ್ರೂಸ್‌ಪೇಟೆಯ ನಿವಾಸಿಗೆ ಹಾಯಿದೋಣಿಗಳ ಪಂದ್ಯದ ವಿಷಯವನ್ನು ಹೇಳಹೊರಡುವುದು ಮೊದಲ ನೋಟಕ್ಕೆ ಅಪ್ರಸ್ತುತವಾಗಿ ತೋರಬಹುದು. ಆದರೆ ಈ ಕ್ರೀಡೆಗೆ ಅವಶ್ಯವಾದ ದ್ರವ್ಯಗಳು ಎರಡೇ, ಗಾಳಿ ಮತ್ತು ನೀರು. ಅವುಗಳಲ್ಲಿ ಮೊದಲನೆಯದಕ್ಕೆ ಬಳ್ಳಾರಿ ಸೀಮೆಯಲ್ಲಿ ಎಂದೂ ಬರವಿದ್ದಿಲ್ಲ. ಆಷಾಢ ಕಾಲಿಟ್ಟಿತೆಂದರೆ, ಪಡುವಣದಿಂದ ಹಗಲಿರುಳೆನ್ನದೆ ಬೀಸುತ್ತ, ಒಣಹಾಕಿದ ಬಟ್ಟೆಯನ್ನು ನೆರೆಯವರ ಮಾಳಿಗೆಗೆ ಹಾರಿಸಿ, ದಾರಿಹೋಕರ ಕಣ್ಣಿಗೆ ಧೂಳನ್ನೆರಚಿ, ಮೋಡಗಳ ಹಿಂಡನ್ನೇ ನೆತ್ತಿಯ ಮೇಲಿಂದ ಅಟ್ಟಿಕೊಂಡು ಹೋದರೂ ಒಂದು ಹನಿಯನ್ನೂ ಉದುರಿಸದ ಆ ಗಾಳಿಯನ್ನು ಶಪಿಸದವರು ನಮ್ಮಲ್ಲಿ ವಿರಳ. ಅದು ಬರಿಯ ಒಣಗಾಳಿಯಲ್ಲ, ಮುಂಗಾರಿನ ಗಾಳಿಯೇ. ತನ್ನ ಜಲಭಾರವನ್ನೆಲ್ಲ ಸಹ್ಯಾದ್ರಿಯ ಪಶ್ಚಿಮ ಪಾರ್ಶ್ವದಲ್ಲಿಯೇ ಇಳಿಸಿ, ಕೇವಲ ವೇಗವನ್ನು ಮಾತ್ರ ಉಳಿಸಿಕೊಂಡು ನಮ್ಮಲ್ಲಿಗೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರು ಎತ್ತರದಲ್ಲಿ ದಕ್ಷಿಣ ಪರ್ಯಾಯದ್ವೀಪವನ್ನು ಅಡ್ಡಲಾಗಿ ಹಾಯ್ದು ಹೋಗುವ ಪ್ರಬಲವಾದ ವಾಯುಪ್ರವಾಹವೊಂದು ಜುಲೈ ತಿಂಗಳಿನಲ್ಲಿ ಇರುತ್ತದೆಂಬುದನ್ನು ಪಿ. ವಿ. ಜೋಸೆಫ್ ಮತ್ತು ಪಿ. ಎಲ್. ರಾಮನ್ ಎಂಬ ಹವಾಮಾನ ವಿಜ್ಞಾನಿಗಳು 1966ರಲ್ಲಿ ತೋರಿಸಿಕೊಟ್ಟರು. ಬಳ್ಳಾರಿಯಲ್ಲಿ ರೈತನ ಕಣ್ಣಲ್ಲಿ ನೀರು ತರಿಸುವ ಈ ಗಾಳಿಯನ್ನೇ ಮೈಸೂರಿನ ಬಳಿಯ ಕೃಷ್ಣರಾಜಸಾಗರದಲ್ಲಿ ಕೆಲವರು ಪಂಚಾಂಗ ನೋಡಿ ಕಾಯುವವರಂತೆ ಕಾಯುತ್ತಾರೆ.

ನೀರಿನ ಮೇಲೆ ತೇಲುವ ವಾಹನವೆಂದರೆ ನಮ್ಮ ಜಿಲ್ಲೆಯವರ ಕಣ್ಣಮುಂದೆ ನಿಲ್ಲುವುದು ಹರಿಗೋಲು. ಸಿರುಗುಪ್ಪದ ಕಡೆಯಲ್ಲಿಯೂ ಹಂಪೆ ಆನೆಗೊಂದಿಗಳ ನಡುವೆಯೂ ತುಂಗಭದ್ರೆಯನ್ನು ದಾಟಲು ತಲೆತಲಾಂತರದಿಂದ ಜನಕ್ಕೆ ಒದಗಿದುದು ಇದೇ. ಶ್ರೀಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇದನ್ನು ಕುತೂಹಲದಿಂದ ವರ್ಣಿಸಿದ್ದಾನೆ: ಬುಟ್ಟಿಯಂತೆ ವರ್ತುಲಾಕಾರವಾದುದು, ಹೊರಮೈಗೆ ಚರ್ಮ ಹೊದಿಸಿದುದು, ಹದಿನೈದು ಇಪ್ಪತ್ತು ಜನರನ್ನು ಹೊರಬಲ್ಲುದು, ಅವಶ್ಯವಾದರೆ ಎತ್ತು ಕುದುರೆಗಳನ್ನೂ ಸಾಗಿಸಬಲ್ಲುದು, ಆದರೆ ಇತರ ದೋಣಿಗಳಂತೆ ನೇರವಾಗಿ ಹೋಗಲಾರದೆ ಸದಾ ಸುತ್ತುತ್ತಲೇ ಸಾಗುವುದು. ಆ ಕೊನೆಯ ಮಾತಿನಲ್ಲಿ ಪಯಸ್ ತಾನರಿಯದೆಯೇ ನೌಕಾಶಾಸ್ತ್ರದ ಮರ್ಮವೊಂದನ್ನು ಮುಟ್ಟಿದ್ದಾನೆ. ಹರಿಗೋಲಿಗೆ ಮುಖವೂ ಇಲ್ಲ, ಬೆನ್ನೂ ಇಲ್ಲ. ನೀರೊಳಗೆ ಇಳಿದು ಅದನ್ನು ಹಿಡಿದು ನಿಲ್ಲಿಸುವ ಅವಯವವೂ ಇಲ್ಲ. ಅದರ ನಡುವೆ ಕಂಬ ನೆಟ್ಟು ಹಾಯಿ ಕಟ್ಟಿದರೂ ಗಾಳಿ ಅಟ್ಟಿದ ಕಡೆಗೆ ಹೋಗುವುದೇ ಹೊರತು ತನ್ನ ಇಷ್ಟದ ಕಡೆಗೆ ಹೋಗಲಾರದು. ಪಂದ್ಯದ ಹಾಯಿದೋಣಿಯಾದರೋ ಗಾಳಿ ಎಲ್ಲಿಂದ ಬರುತ್ತಿದೆಯೋ ಆ ದಿಕ್ಕಿಗೇ ಹೋಗಿ ಮುಟ್ಟಬಲ್ಲುದು. ಇದು ಹೇಗೆ ಸಾಧ್ಯವೆಂಬುದನ್ನು ಅರಿತುಕೊಂಡವನಿಗೆ ಪಂದ್ಯದ ಮುಕ್ಕಾಲು ಪಾಲು ಅರ್ಥವಾದಂತೆಯೇ ಸರಿ.

ದಡದಲ್ಲಿ ನಿಂತು ನೋಡುವವನ ದೃಷ್ಟಿಯೆಲ್ಲ ಹಾಯಿಯ ಮೇಲೆಯೇ ಇರುತ್ತದೆ; ಬೆಳ್ಳಗೆ, ಉಬ್ಬಿ, ಬಿಸಿಲಿಗೆ ಹೊಳೆಯುವುದು ಅದೇ. ಆದರೆ ದೋಣಿಯ ಹೊಟ್ಟೆಯಿಂದ ಕೆಳಕ್ಕೆ, ನೀರಿನೊಳಕ್ಕೆ, ಕತ್ತಿಯ ಅಲಗಿನಂತೆ ಇಳಿಬಿಟ್ಟಿರುವ ಹಲಗೆಯೊಂದುಂಟು, ಸೆಂಟರ್‌ಬೋರ್ಡ್ ಎಂದು ಅದಕ್ಕೆ ಹೆಸರು. ಯಾರ ಕಣ್ಣಿಗೂ ಬೀಳದ ಅದೇ ಈ ನಾಟಕದ ಸೂತ್ರಧಾರ. ಓರೆಯಾಗಿ ಬಂದ ಗಾಳಿ ಬಾಗಿದ ಹಾಯಿಯ ಮೈಯನ್ನು ಸವರಿಕೊಂಡು ದಿಕ್ಕು ಬದಲಿಸಿದಾಗ, ಹಾಯಿಯ ಒಂದು ಮಗ್ಗುಲಿನಲ್ಲಿ ಒತ್ತಡ ತಗ್ಗಿ, ಇನ್ನೊಂದರಲ್ಲಿ ಹೆಚ್ಚಿ, ದೋಣಿಯನ್ನು ಬಹುಮಟ್ಟಿಗೆ ಪಕ್ಕಕ್ಕೂ ಸ್ವಲ್ಪಮಟ್ಟಿಗೆ ಮುಂದಕ್ಕೂ ಸೆಳೆಯುತ್ತದೆ. ಪಕ್ಕದ ಸೆಳೆತವನ್ನು ನೀರೊಳಗಿನ ಹಲಗೆ ತಡೆಯುತ್ತದೆ. ಮುಂದಿನ ಸೆಳೆತವನ್ನು ತಡೆಯುವವರಿಲ್ಲ. ನೆನೆದ ಹುಣಸೆಬೀಜವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಅದುಮಿದ ಮಕ್ಕಳಿಗೆಲ್ಲ ಗೊತ್ತು, ಒತ್ತುವ ಎರಡು ಬೆರಳೂ ಮುಂದಕ್ಕೆ ದೂಡುವುದಿಲ್ಲ, ಆದರೂ ಬೀಜ ಮುಂದಕ್ಕೆ ಚಿಮ್ಮುತ್ತದೆ. ಗಾಳಿ ನೀರುಗಳೆಂಬ ಎರಡು ಬೆರಳುಗಳ ನಡುವೆ ಸಿಕ್ಕಿದ ದೋಣಿಯ ಗತಿಯೂ ಅದೇ. ಹೀಗಿದ್ದರೂ ಗಾಳಿಯ ಕಣ್ಣಿಗೆ ನೇರವಾಗಿ ಮೂತಿಯಿಟ್ಟರೆ ಹಾಯಿ ಪಟಪಟನೆ ಬಡಿದುಕೊಂಡು ದೋಣಿ ನಿಂತುಬಿಡುತ್ತದೆ. ಗಾಳಿಗೆ ಸುಮಾರು 45 ಅಂಶಗಳ ಓರೆಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಹಾವುಹರಿದಂತೆ ಸಾಗಬೇಕು. ಹೀಗೆ ಮಗ್ಗುಲು ಬದಲಿಸುವುದಕ್ಕೆ ಟ್ಯಾಕ್ ಮಾಡುವುದೆನ್ನುತ್ತಾರೆ. ಎದುರುಗಾಳಿಯಲ್ಲಿ ಒಂದು ಕಿಲೋಮೀಟರು ಮುಂದಿರುವ ಗುರಿಯನ್ನು ಮುಟ್ಟಲು ಇಂತಹ ದೋಣಿ 1.4 ಕಿಲೋಮೀಟರು ದಾರಿ ಸವೆಸಬೇಕಾಗುವುದು ಸರಳವಾದ ರೇಖಾಗಣಿತ.

ಇಷ್ಟು ತಿಳಿದರೆ ಓಟದ ಪಂದ್ಯಕ್ಕೂ ಹಾಯಿಪಂದ್ಯಕ್ಕೂ ಇರುವ ಭೇದ ಸ್ಪಷ್ಟವಾಗುತ್ತದೆ. ಓಟಗಾರರೆಲ್ಲರಿಗೂ ದಾರಿ ಒಂದೇ. ಇಲ್ಲಿ ದಾರಿಯನ್ನು ಪ್ರತಿಯೊಬ್ಬನೂ ತಾನೇ ಕಲ್ಪಿಸಿಕೊಳ್ಳಬೇಕು, ಮತ್ತು ಗಾಳಿ ಕ್ಷಣಕ್ಷಣಕ್ಕೂ ಒಂದೈದು ಹತ್ತು ಅಂಶ ಆಚೀಚೆ ತಿರುಗುವುದರಿಂದ ಕಲ್ಪಿಸಿಕೊಂಡ ದಾರಿಯನ್ನು ಕ್ಷಣಕ್ಷಣಕ್ಕೂ ತಿದ್ದಿಕೊಳ್ಳಬೇಕು. ಗಾಳಿ ಅನುಕೂಲವಾಗಿ ತಿರುಗಿದಾಗ ಮುಂದುವರಿಯುವುದು, ಪ್ರತಿಕೂಲವಾದೊಡನೆ ಮಗ್ಗುಲು ಬದಲಿಸುವುದು. ನೀರಿನ ಮೈ ಎಲ್ಲಿ ಸುಕ್ಕುಗಟ್ಟಿ ಕಪ್ಪಾಗಿ ಕಾಣುತ್ತದೆಯೋ ಅಲ್ಲಿ ಬಿರುಸಾದ ಗಾಳಿ ಇಳಿದಿದೆಯೆಂದು ಅರಿತು ಅತ್ತ ತಿರುಗುವುದು. ಹಾಯಿ ದೋಣಿಯನ್ನು ಮಗುಚಲು ಹವಣಿಸಿದಾಗ ಪಾದಗಳನ್ನು ಪಟ್ಟಿಗೆ ಸಿಕ್ಕಿಸಿ ಶರೀರವನ್ನು ಹೊರಕ್ಕೆ ಚೆಲ್ಲಿ ಮಲಗಿ ಸಮತೋಲವನ್ನು ಕಾಯುವುದು. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಾಯಿಯ ಹಗ್ಗ. ಇವೆಲ್ಲ ಏಕಕಾಲದಲ್ಲಿ ನಡೆಯಬೇಕಾದುವು. ಬಲಶಾಲಿ ಗೆಲ್ಲುವುದುಂಟು, ಆದರೆ ಗಾಳಿಯನ್ನು ಓದಬಲ್ಲವನು ಬಲಶಾಲಿಯನ್ನು ಸೋಲಿಸುವುದು ಅದಕ್ಕಿಂತ ಹೆಚ್ಚು.

ಈ ವಿನೋದದ ಹುಟ್ಟು ರಾಜರ ಮನೆಯಲ್ಲಿ. 1661ರ ಅಕ್ಟೋಬರ್ 1ರಂದು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆ ತನ್ನ ತಮ್ಮ ಜೇಮ್ಸನೊಡನೆ ನೂರು ಪೌಂಡುಗಳ ಪಣವೊಡ್ಡಿ ಥೇಮ್ಸ್ ನದಿಯಲ್ಲಿ ಗ್ರೀನಿಚ್‌ನಿಂದ ಗ್ರೇವ್ಸೆಂಡಿಗೂ ಅಲ್ಲಿಂದ ಹಿಂದಕ್ಕೂ ಹಾಯಿನೌಕೆಗಳನ್ನು ಓಡಿಸಿದನು. ಹೋಗುವಾಗ ಎದುರುಗಾಳಿಯಲ್ಲಿ ಸೋತು, ಬರುವಾಗ ಗೆದ್ದನು. ಇಂಗ್ಲಿಷರು ಹೋದಲ್ಲೆಲ್ಲ ಈ ಹವ್ಯಾಸವೂ ಹೋಯಿತು. ಮುಂಬಯಿಯ ಯಾಟ್ ಕ್ಲಬ್ಬಿನ ಮೂಲ 1846ರಷ್ಟು ಹಿಂದಕ್ಕೆ ಹೋಗುತ್ತದೆ. ಮದರಾಸಿನ ಕ್ಲಬ್ಬು ಸ್ಥಾಪನೆಯಾದುದು 1911ರಲ್ಲಿ, ಬಂದರಿನ ಆಡಳಿತದ ಮುಖ್ಯಸ್ಥನಾಗಿದ್ದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಎಂಬುವನಿಂದ. ಬಳ್ಳಾರಿ ಆಗ ಮದರಾಸು ಪ್ರಾಂತ್ಯದ ಒಂದು ಜಿಲ್ಲೆ; 1953ರ ಅಕ್ಟೋಬರ್ 1ರವರೆಗೆ ನಮ್ಮ ರಾಜಧಾನಿ ಮದರಾಸೇ ಆಗಿದ್ದಿತು. ಕಂಪನಿ ಸರಕಾರದ ಬ್ರೂಸ್ ಎಂಬ ಅಧಿಕಾರಿಯ ಹೆಸರನ್ನು ಒಂದು ಪೇಟೆಗೇ ಇಟ್ಟುಕೊಂಡ ನಾವು ಆ ಅಧಿಕಾರಿಗಳ ಹವ್ಯಾಸಗಳಲ್ಲಿ ಕ್ರಿಕೆಟ್ಟನ್ನು ಮಾತ್ರ ಆರಿಸಿಕೊಂಡೆವು. ನೀರಿಲ್ಲದ ಊರು ಇನ್ನೇನು ಮಾಡೀತು?

ಅದೇ 1911ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕೃಷ್ಣರಾಜಸಾಗರದ ಕಟ್ಟೆಯ, ಎಂದರೆ ಕನ್ನಂಬಾಡಿ ಕಟ್ಟೆಯ, ಕೆಲಸ ಪ್ರಾರಂಭವಾಯಿತು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುವೆಡೆಯಲ್ಲಿ ಗದ್ದೆಗಳಿಗಾಗಿಯೂ ಶಿವನಸಮುದ್ರದ ವಿದ್ಯುತ್ತಿಗಾಗಿಯೂ ನಿಲ್ಲಿಸಿದ ಆ ನೀರು ಹಾಯಿಪಂದ್ಯಕ್ಕೂ ಒದಗೀತೆಂಬ ಆಲೋಚನೆ ಕಟ್ಟಿದವರಿಗೆ ಇದ್ದಿರಲಾರದು. ಇಂದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೈಲಿಂಗ್ ಕ್ಲಬ್ಬಿನವರೂ ಬೆಂಗಳೂರಿನ ತೃಷ್ಣಾ ಸೈಲಿಂಗ್ ಕ್ಲಬ್ಬಿನವರೂ ಹಾಯಿ ಬಿಚ್ಚುತ್ತಾರೆ; ರಾಷ್ಟ್ರಮಟ್ಟದ ಸ್ಪರ್ಧೆಗಳೂ ಅಲ್ಲಿ ನಡೆದಿವೆ. ತೃಷ್ಣಾ ಕ್ಲಬ್ಬು ಹಲಸೂರು ಕೆರೆಯ ಮಗ್ಗುಲಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂಬ ಸೇನಾದಳಕ್ಕೆ ಸೇರಿದುದು. ಅದೇ ಹೆಸರಿನ ಪುಟ್ಟ ಹಾಯಿನೌಕೆಯೊಂದರಲ್ಲಿಯೇ ಭಾರತೀಯ ಸೇನೆಯ ಎಂಜಿನಿಯರುಗಳು 1985ರಲ್ಲಿ ಹೊರಟು 1987ರ ಜನವರಿಯಲ್ಲಿ ಮುಂಬಯಿಗೆ ಮರಳಿ, ಭೂಮಂಡಲವನ್ನು ಹಾಯಿಯ ಬಲದಿಂದ ಪ್ರದಕ್ಷಿಣೆ ಮಾಡಿದ ಪ್ರಥಮ ಭಾರತೀಯರೆನಿಸಿದರು. ಸಮುದ್ರವನ್ನು ಗೆದ್ದವರು ನೌಕಾದಳದವರಲ್ಲ, ಸೇತುವೆ ಕಟ್ಟುವ ನೆಲದ ಸೈನಿಕರು ಎಂಬುದು ಒಳನಾಡಿನ ನಮಗೆ ಸ್ವಲ್ಪ ಹೆಮ್ಮೆಯನ್ನು ಉಂಟುಮಾಡಿದರೆ ತಪ್ಪಲ್ಲ.

ಪಂದ್ಯದ ದೋಣಿಗಳೆಂದರೆ ಸಿನಿಮಾದಲ್ಲಿ ಶ್ರೀಮಂತರು ವಿಹರಿಸುವ ಸೌಧಗಳಂತಹ ನೌಕೆಗಳಲ್ಲ. ಹದಿನೈದು ವರ್ಷದೊಳಗಿನ ಮಕ್ಕಳದು ಆಪ್ಟಿಮಿಸ್ಟ್ ಎಂಬ ದೋಣಿ. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ ಪ್ಲೈವುಡ್ಡಿನಿಂದ ಅಗ್ಗವಾಗಿ ಮಾಡಬಹುದಾದಂತೆ ರೂಪಿಸಿದ, ಎರಡೂಕಾಲು ಮೀಟರಿಗಿಂತ ಸ್ವಲ್ಪವೇ ಉದ್ದವಾದ, ಮೊಂಡುಮೂತಿಯ ತೊಟ್ಟಿ ಅದು. ದೊಡ್ಡವರದು ಲೇಸರ್, ಕೆನಡಾದವನಾದ ಬ್ರೂಸ್ ಕಿರ್ಬಿ 1969ರಲ್ಲಿ ಅದರ ಮೊದಲ ರೇಖಾಚಿತ್ರವನ್ನು ಬರೆದನು. (ಈ ಬ್ರೂಸನಿಗೂ ನಮ್ಮ ಪೇಟೆಗೂ ಏನೂ ಸಂಬಂಧವಿಲ್ಲ.) 4.2 ಮೀಟರು ಉದ್ದದ ಒಂದೇ ಒಡಲಿಗೆ ನಾವಿಕನ ತೂಕಕ್ಕೆ ತಕ್ಕಂತೆ ದೊಡ್ಡ, ನಡು, ಸಣ್ಣ ಎಂದು ಮೂರು ಅಳತೆಯ ಹಾಯಿಗಳು. ಎಲ್ಲರ ದೋಣಿಯೂ ಒಂದೇ ಮಾದರಿಯದಾದುದರಿಂದ ಹೆಚ್ಚು ಹಣ ಸುರಿದವನಿಗೆ ಹೆಚ್ಚು ವೇಗ ದೊರೆಯುವುದಿಲ್ಲ. ಈಗ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅದಕ್ಕೆ ಐಎಲ್‌ಸಿಎ ಎಂದು ಹೆಸರಾಗಿದ್ದರೂ ಕ್ಲಬ್ಬುಗಳಲ್ಲಿ ಲೇಸರ್ ಎಂಬ ರೂಢಿ ಹೋಗಿಲ್ಲ.

ಕ್ಲಬ್ಬಿನ ವಾರ್ಷಿಕ ಸ್ಪರ್ಧೆ, ಅವರ ಬಾಯಲ್ಲಿ ರೆಗಟ್ಟಾ, ಸಾಮಾನ್ಯವಾಗಿ ವಾರದ ಕೊನೆಗೆ ನಡೆಯುತ್ತದೆ. ಮೊದಲು ಹೆಸರು ನೋಂದಣಿ, ದೋಣಿಗಳ ತಪಾಸಣೆ, ಸ್ಪರ್ಧಿಗಳ ಸಭೆ. ಬಳಿಕ ಎಲ್ಲರೂ ಗಾಳಿಯನ್ನು ಕಾಯುವುದು. ಗಾಳಿ ಬಾರದಿದ್ದರೆ ಕೆಂಪು ಬಿಳಿ ಪಟ್ಟೆಗಳ ಪತಾಕೆಯೊಂದನ್ನು ಏರಿಸಿ ಪಂದ್ಯವನ್ನು ಮುಂದೂಡಿರುವುದಾಗಿ ತಿಳಿಸುತ್ತಾರೆ. ಅಂತಹ ವೇಳೆಯಲ್ಲಿ ದಡದ ಮೇಲೆ ನಡೆಯುವ ಹರಟೆಯೂ ಚಹಾಸೇವನೆಯೂ ಈ ಕ್ರೀಡೆಯ ಅವಿಭಾಜ್ಯ ಅಂಗವೆಂದು ಹೇಳಬೇಕು. ಗಾಳಿ ನೆಲೆನಿಂತ ಮೇಲೆ ಅಧಿಕಾರಿಗಳ ದೋಣಿ ನೀರಿಗಿಳಿದು, ಗಾಳಿ ಬರುವ ದಿಕ್ಕನ್ನಳೆದು, ಬಣ್ಣದ ದೊಡ್ಡ ಬುರುಡೆಗಳಿಗೆ ಲಂಗರು ಕಟ್ಟಿ ತೇಲಬಿಟ್ಟು ಮಾರ್ಗವನ್ನು ನಿಗದಿಮಾಡುತ್ತದೆ. ಮೊದಲ ಗುರಿ ಎದುರುಗಾಳಿಗೇ ಇರತಕ್ಕದ್ದು.

ಆರಂಭವೇ ಒಂದು ವಿಚಿತ್ರ. ದೋಣಿಗೆ ಬ್ರೇಕು ಇಲ್ಲವಾದುದರಿಂದ ಯಾರನ್ನೂ ಗೆರೆಯ ಮೇಲೆ ಸಾಲಾಗಿ ನಿಲ್ಲಿಸುವಂತಿಲ್ಲ. ಅಧಿಕಾರಿಗಳ ದೋಣಿಗೂ ಒಂದು ಬುರುಡೆಗೂ ನಡುವೆ ಎಳೆದ, ಕಣ್ಣಿಗೆ ಕಾಣದ ರೇಖೆಯೇ ಆರಂಭದ ಗೆರೆ. ಐದು ನಿಮಿಷ ಮೊದಲು ಒಂದು ಬಾವುಟ, ನಾಲ್ಕು ನಿಮಿಷ ಮೊದಲು ಇನ್ನೊಂದು, ಒಂದು ನಿಮಿಷ ಉಳಿದಾಗ ಎರಡನೆಯದು ಇಳಿಯುತ್ತದೆ, ಕೊನೆಗೆ ಮೊದಲನೆಯದೂ ಇಳಿದಾಗ ಪಂದ್ಯ ಪ್ರಾರಂಭ. ಜೊತೆಗೆ ಕಹಳೆಯ ಸದ್ದೂ ಉಂಟು, ಆದರೆ ಪ್ರಮಾಣವಾದುದು ಬಾವುಟವೇ. ಸದ್ದು ಕೇಳಲಿಲ್ಲವೆಂದು ದೂರುವಂತಿಲ್ಲ. ಈ ಐದು ನಿಮಿಷ ದೋಣಿಗಳೆಲ್ಲ ಒಂದನ್ನೊಂದು ಹಾಯ್ದು, ತಪ್ಪಿಸಿ, ನಿಂತು, ಸುಳಿದು, ಸರಿಯಾದ ಕ್ಷಣಕ್ಕೆ ಪೂರ್ಣವೇಗದಲ್ಲಿ ಗೆರೆಯನ್ನು ದಾಟುವಂತೆ ಹೊಂಚುಹಾಕುತ್ತವೆ. ಒಂದು ಕ್ಷಣ ಮೊದಲೇ ದಾಟಿದವನು ಹಿಂದಿರುಗಿ ಬಂದು ಮತ್ತೆ ದಾಟಬೇಕು. ಹಾಗೆ ಬರುವುದರೊಳಗೆ ಉಳಿದವರು ಬಹುದೂರ ಹೋಗಿರುತ್ತಾರೆ.

ನೀರಿನ ಮೇಲೂ ದಾರಿಯ ನಿಯಮಗಳುಂಟು. ಬಲಮಗ್ಗುಲಿನಿಂದ ಗಾಳಿಯನ್ನು ಪಡೆಯುತ್ತಿರುವ ದೋಣಿಗೆ ಎಡಮಗ್ಗುಲಿನಿಂದ ಪಡೆಯುವ ದೋಣಿ ದಾರಿ ಬಿಡಬೇಕು. ಇಬ್ಬರದೂ ಒಂದೇ ಮಗ್ಗುಲಾಗಿದ್ದರೆ ಗಾಳಿ ಬರುವ ಕಡೆಗಿರುವವನು ಇನ್ನೊಬ್ಬನಿಂದ ದೂರ ಸರಿಯಬೇಕು. ಇವುಗಳಿಗಿಂತ ನನ್ನನ್ನು ಆಕರ್ಷಿಸಿದ್ದು ಬೇರೊಂದು: ಇಂತಹ ಪಂದ್ಯಗಳಲ್ಲಿ ಸೀಟಿ ಊದುವ ತೀರ್ಪುಗಾರ ಸಾಧಾರಣವಾಗಿ ನೀರಿನ ಮೇಲೆ ಇರುವುದಿಲ್ಲ. ತಪ್ಪಿದವನು ತಾನೇ ತಪ್ಪನ್ನು ಒಪ್ಪಿ, ಇತರರಿಂದ ದೂರ ಸರಿದು, ದೋಣಿಯನ್ನು ನಿಂತಲ್ಲೇ ಎರಡು ಸುತ್ತು ತಿರುಗಿಸಿ ದಂಡ ತೆರಬೇಕು. ಬುರುಡೆಯನ್ನು ತಾಗಿಸಿದ ತಪ್ಪಿಗಾದರೆ ಒಂದೇ ಸುತ್ತು. ಒಪ್ಪದಿದ್ದರೆ ಅನ್ಯಾಯಕ್ಕೊಳಗಾದವನು ಅಲ್ಲಿಯೇ ‘ಪ್ರೊಟೆಸ್ಟ್’ ಎಂದು ಕೂಗಿ, ದಡಕ್ಕೆ ಬಂದ ಮೇಲೆ ಲಿಖಿತ ದೂರು ಕೊಡತಕ್ಕದ್ದು. ಸಾಯಂಕಾಲ ಸಮಿತಿ ಕುಳಿತು, ಸಾಕ್ಷಿಗಳನ್ನು ವಿಚಾರಿಸಿ ತೀರ್ಪು ಕೊಡುತ್ತದೆ. ನಮ್ಮೂರ ಕೋರ್ಟಿನಲ್ಲಿ ವರ್ಷಗಟ್ಟಲೆ ವಾಯಿದೆ ಎಣಿಸಿದವರು ಈ ವೇಗವನ್ನು ಕಂಡು ಅಸೂಯೆಪಡಬಹುದು.

ಅಂಕಗಳ ಲೆಕ್ಕ ತಲೆಕೆಳಗು: ಮೊದಲಿಗನಿಗೆ ಒಂದು, ಎರಡನೆಯವನಿಗೆ ಎರಡು, ಹಲವು ಓಟಗಳನ್ನು ಕೂಡಿಸಿದಾಗ ಕಡಿಮೆ ಅಂಕದವನೇ ವಿಜಯಿ. ಓಟಗಳ ಸಂಖ್ಯೆ ಸಾಕಷ್ಟಾದರೆ ಪ್ರತಿಯೊಬ್ಬನ ಅತ್ಯಂತ ಕೆಟ್ಟ ಫಲಿತಾಂಶವೊಂದನ್ನು ಲೆಕ್ಕದಿಂದ ಕೈಬಿಡುತ್ತಾರೆ.

ನಿಯಮಪುಸ್ತಕದ ಆದಿಯಲ್ಲಿಯೇ, ಸ್ಪರ್ಧೆಯ ಮಾತಿಗಿಂತ ಮೊದಲು, ಅಪಾಯದಲ್ಲಿರುವ ಯಾರಿಗೇ ಆಗಲಿ ಕೈಲಾದ ನೆರವನ್ನೆಲ್ಲ ನೀಡತಕ್ಕದ್ದೆಂಬ ವಿಧಿಯುಂಟು. ಸೋಲ್ ಒಲಿಂಪಿಕ್ಸಿನ ಹಾಯಿಸ್ಪರ್ಧೆಗಳು ಪೂಸಾನಿನ ಬಳಿ ನಡೆಯುತ್ತಿದ್ದಾಗ, 1988ರ ಸೆಪ್ಟೆಂಬರ್ 24ರಂದು, ಎರಡನೆಯ ಸ್ಥಾನದಲ್ಲಿ ಸಾಗುತ್ತಿದ್ದ ಕೆನಡಾದ ಲಾರೆನ್ಸ್ ಲೆಮ್ಯೂ ಎಂಬಾತ, ಬಿರುಗಾಳಿಗೆ ಮಗುಚಿದ ಸಿಂಗಪುರದ ದೋಣಿಯೊಂದನ್ನೂ ನೀರಲ್ಲಿ ಹೋರಾಡುತ್ತಿದ್ದ ಅದರ ಇಬ್ಬರು ನಾವಿಕರನ್ನೂ ಕಂಡು, ತನ್ನ ಪಂದ್ಯವನ್ನು ಬಿಟ್ಟು ಅತ್ತ ತಿರುಗಿ, ಅವರನ್ನು ಎತ್ತಿಕೊಂಡು, ರಕ್ಷಣಾದೋಣಿ ಬರುವವರೆಗೆ ಕಾದು, ಆಮೇಲೆ ತನ್ನ ದಾರಿ ಹಿಡಿದನು. ಆ ಓಟದಲ್ಲಿ ಅವನಿಗೆ ಎರಡನೆಯ ಸ್ಥಾನವನ್ನೇ ಮರಳಿ ಕೊಟ್ಟರು. ಪದಕ ಮಾತ್ರ ದೊರೆಯಲಿಲ್ಲ. ಒಲಿಂಪಿಕ್ ಸಮಿತಿ ಆಧುನಿಕ ಒಲಿಂಪಿಕ್ಸಿನ ಜನಕ ಕೂಬರ್ತಿನನ ಹೆಸರಿನ ವಿಶೇಷ ಪದಕವನ್ನಿತ್ತು ಗೌರವಿಸಿತು. ಅಂದು ಚಿನ್ನ ಗೆದ್ದವನ ಹೆಸರನ್ನು ಇಂದು ಬಲ್ಲವರೆಷ್ಟು ಮಂದಿಯೋ!

ಕಡಲ ತೀರದವರಿಗಷ್ಟೇ ಈ ವಿದ್ಯೆ ಎಂದು ತಿಳಿಯಬೇಕಾಗಿಲ್ಲ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಲೇಸರಿನ ಸಣ್ಣ ಹಾಯಿಯ ವರ್ಗದಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕುರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು. ಅವಳು ಕಲಿತುದು ಭೋಪಾಲಿನ ಕೆರೆಯಲ್ಲಿ. ಅದೇ ಕೂಟದಲ್ಲಿ ದೊಡ್ಡ ಹಾಯಿಯ ವರ್ಗದಲ್ಲಿ ಕಂಚು ಗೆದ್ದ ವಿಷ್ಣು ಸರವಣನ್ ಸೇನೆಯ ಯೋಧ. ಒಲಿಂಪಿಕ್ಸಿಗೆ ಅರ್ಹತೆ ಪಡೆದ ಪ್ರಥಮ ಭಾರತೀಯ ನಾವಿಕಳು ಚೆನ್ನೈಯ ನೇತ್ರಾ ಕುಮಾನನ್; ಅದು 2021ರಲ್ಲಿ. ನಮಗೆ ಇನ್ನೂ ಸಮೀಪದ ಹೈದರಾಬಾದಿನಲ್ಲಿ, ಕುತುಬ್‌ಶಾಹಿಗಳು ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದ ಹುಸೇನ್ ಸಾಗರದ ಮೇಲೆ, ಮಳೆಗಾಲದ ನಡುವೆ ಹೈದರಾಬಾದ್ ಸೈಲಿಂಗ್ ವೀಕ್ ಎಂದೂ ಮಾನ್ಸೂನ್ ರೆಗಟ್ಟಾ ಎಂದೂ ಎರಡು ಸ್ಪರ್ಧೆಗಳು ನಡೆಯುತ್ತವೆ. ಸರಕಾರಿ ಶಾಲೆಗಳ ಬಡಮಕ್ಕಳೂ ಅಲ್ಲಿ ಚುಕ್ಕಾಣಿ ಹಿಡಿದಿದ್ದಾರೆ.

ಹಾಗಾದರೆ ತುಂಗಭದ್ರಾ ಜಲಾಶಯದಲ್ಲೇಕೆ ಆಗಬಾರದು ಎಂಬ ಪ್ರಶ್ನೆ ಸಹಜ. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ಹರಿಸಿದ ಆ ಜಲಾಶಯ ತುಂಬಿದಾಗ 378 ಚದರ ಕಿಲೋಮೀಟರು ಹರಡಿ ನಿಲ್ಲುತ್ತದೆ. ಹುಸೇನ್ ಸಾಗರ ಅದರ ಒಂದು ಮೂಲೆಗೂ ಸಾಲದು. ಅಣೆಕಟ್ಟಿನ ಕೆಳಗಣ ಹೊಳೆಯನ್ನು ಮಾತ್ರ ಬಿಟ್ಟುಬಿಡಬೇಕು, ಅಲ್ಲಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ನೀರುನಾಯಿಗಳ ಸಂರಕ್ಷಿತ ಪ್ರದೇಶ. ಮೇಲಣ ನೀರಿನಲ್ಲಿಯೂ ತೊಡಕುಗಳಿವೆ. ಗಾಳಿ ಬಲವಾಗಿ ಬೀಸುವ ಜೂನಿನಲ್ಲಿ ಜಲಾಶಯ ಬತ್ತಿ ಕೆಸರು ಬಯಲಾಗಿರುತ್ತದೆ. ನೀರು ತುಂಬಿ ತುಳುಕುವ ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿ ಪಡುಗಾಳಿ ಸೋತಿರುತ್ತದೆ. ಗಾಳಿ ನೀರು ಎರಡೂ ಕೂಡಿಬರುವುದು ಜುಲೈ ನಡುವಿನಿಂದ ಆಗಸ್ಟಿನ ಕೊನೆಯವರೆಗೆ ಮಾತ್ರ. ಅಲ್ಲದೆ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಅಣೆಕಟ್ಟು ಇರುವುದು ಜಲಾಶಯದ ಪೂರ್ವದ ಕೊನೆಯಲ್ಲಿ. ಮಗುಚಿದ ದೋಣಿಯನ್ನು ಗಾಳಿ ಕೊಂಡೊಯ್ಯುವುದು, ಅದೇ ಋತುವಿನಲ್ಲಿ ತೆರೆದಿರುವ ಸಂಭವವುಳ್ಳ 33 ಗೇಟುಗಳ ಕಡೆಗೇ. ಆದುದರಿಂದ ಸ್ಪರ್ಧೆಯನ್ನು ಏರ್ಪಡಿಸುವುದಿದ್ದರೆ ಹೊಸಪೇಟೆಯ ಬಳಿಯಲ್ಲಲ್ಲ, ಬಹಳ ಮೇಲಕ್ಕೆ, ಹಗರಿಬೊಮ್ಮನಹಳ್ಳಿಯ ಕಡೆಯ ಹಿನ್ನೀರಿನಲ್ಲಿ ಏರ್ಪಡಿಸಬೇಕು. ಮತ್ತು ಅಲ್ಲಿ ಹರಿಗೋಲಿನಿಂದ ಬಲೆ ಬೀಸಿ ಬದುಕುವ ಮೀನುಗಾರರನ್ನು ಮೊದಲು ಕೇಳಬೇಕು, ಏಕೆಂದರೆ ನೀರೊಳಗೆ ಇಳಿಬಿಟ್ಟ ಆ ಹಲಗೆ ಮೊದಲು ಸಿಕ್ಕಿಬೀಳುವುದು ಅವರ ಬಲೆಗಳಲ್ಲಿಯೇ.